ಹುಣಸೆಹಣ್ಣಿನಲ್ಲಿ ಬೆಳಗಿದ ಪದಕ

"ಇದನ್ನು... ತೊಳೆದಿರಾ?"

ಗುಣಪಾಲ ಕೇಳಿದ ರೀತಿಗೆ, ಚಹಾ ಹಿಡಿದು ಬರುತ್ತಿದ್ದ ಶ್ರೀಲಕ್ಷ್ಮಿ ನಿಂತಲ್ಲೇ ನಿಂತಳು.

"ಹೌದು, ಬೆಳಿಗ್ಗೆ. ಹುಣಸೆಹಣ್ಣು, ಉಪ್ಪು ಹಾಕಿ. ಯಾಕೆ?"

ಅವನು ಫಳಫಳ ಹೊಳೆಯುತ್ತಿದ್ದ ಆ ಕಂಚಿನ ಪದಕವನ್ನು ನೋಡುತ್ತಲೇ ಕುಳಿತ.

ಅಲ್ಲ, ಅವಳದೇನು ತಪ್ಪು ಹೇಳಿ? ಉಡುಪಿ ಕಡೆಯ ಮನೆಗಳಲ್ಲಿ ನೆಂಟರು ಬರುತ್ತಾರೆಂದರೆ ಮೊದಲು ಹುಣಸೆಹಣ್ಣು ನೆನೆಹಾಕಿ ದೀಪ, ತಂಬಿಗೆ ಎಲ್ಲ ಬೆಳಗುತ್ತಾರೆ. ಅಮ್ಮ ತೀರಿಕೊಂಡ ಮೇಲೆ, ಊರಿನಿಂದ ದೂರದ ಮಹಾನಗರದ ನೆರೂಳಿನ ಆ ಫ್ಲ್ಯಾಟಿಗೆ ಬಂದ ಮೊದಲ ಅತಿಥಿ ಅವನು. ಯುದ್ಧಕಾಲದಲ್ಲಿ ಗಾಯಾಳುಗಳನ್ನು ಹೊತ್ತ ಆಂಬುಲೆನ್ಸ್ ಸ್ವಯಂಸೇವಕರ ಪದಕಗಳನ್ನು ಸಂಗ್ರಹಿಸುವ ಹುಚ್ಚು ಅವನಿಗೆ. ಅವಳ ಅಜ್ಜನದೊಂದು ಇದೆಯೆಂದು ಪಕ್ಕದ ಮನೆಯ ಜಲಜಾಕ್ಷಿ ಆಂಟಿ ಹೇಳಿ ಕಳಿಸಿದ್ದರು. ಕಪ್ಪು ಹಿಡಿದ ಸಾಮಾನನ್ನು ಬಂದವರ ಮುಂದೆ ಇಡುವುದುಂಟೇ?

"ಆ ಕಪ್ಪನ್ನು ನಾವು ಸಂಗ್ರಹಿಸುವವರು ಮುಟ್ಟುವುದಿಲ್ಲ," ಅವನು ಮೆಲ್ಲನೆ ಹೇಳಿದ. "ಎಂಬತ್ತು ವರ್ಷ ಕೂತು ಬಂದದ್ದು. ಹೋದ್ರೆ ಹೋಯ್ತು."

ಅವಳ ಮುಖ ಹುಳ್ಳಗಾಯಿತು.

ಅವನು ಅಂಚಿನಲ್ಲಿ ಕೊರೆದಿದ್ದ ಅಜ್ಜನ ಹೆಸರು ಓದಿದ. ಒಮ್ಮೆ ಅವಳನ್ನು ನೋಡಿದ. ಪದಕವನ್ನು ಮೇಜಿನ ಮೇಲಿಟ್ಟ.

"ಇದು ನನಗೆ ಬೇಡ. ನಿಮ್ಮ ಹತ್ರವೇ ಇರಲಿ."

ಅರ್ಧ ಚಹಾ ಬಿಟ್ಟು ಎದ್ದೇ ಹೋದ. ಅವಳು ಕರಿದಿಟ್ಟಿದ್ದ ಗೋಳಿಬಜೆಯನ್ನು ಮುಟ್ಟಲೂ ಇಲ್ಲ.

ಮರುದಿನ ಅದನ್ನೇ ಡಬ್ಬಿಗೆ ಹಾಕಿಕೊಂಡು ಆಫೀಸಿಗೆ ಹೋದಳು. ತಿನ್ನದೆ ಹಾಗೇ ವಾಪಸ್ ತಂದಳು. ಪದಕ ಕೆಟ್ಟದ್ದಕ್ಕಿಂತ, ಬಾಗಿಲು ತಟ್ಟಿ ಒಳಗೆ ಬಂದವರೊಬ್ಬರು 'ಬೇಡ' ಎಂದು ಹೋದದ್ದೇ ಅವಳಿಗೆ ಹೆಚ್ಚು ನೋವು ತಂದಿತು.

ಸಂಜೆ ಅವನ ಫೋನ್ ಬಂತು. ತೆಗೆಯಲಿಲ್ಲ. ಮತ್ತೆ ಬಂತು.

'ಬೈಯಲಿಕ್ಕೆ ಇನ್ನೆಂತ ಉಳಿದಿದೆ ಇವರಿಗೆ...'

ಫೋನನ್ನು ಮಗುಚಿಟ್ಟಳು. ಬಿಗುಮಾನಕ್ಕೇನು, ಒಂಟಿ ಮನೆಯಲ್ಲಿ ಅದು ಚೆನ್ನಾಗಿಯೇ ಬೆಳೆಯುತ್ತದೆ. ಕೆಲವು ದಿನಗಳಲ್ಲಿ ಫೋನ್ ಬರುವುದೂ ನಿಂತಿತು. ಆಮೇಲೆ ಮನೆಯಲ್ಲಿ ಟಿವಿಯದು ಬಿಟ್ಟರೆ ಬೇರೆ ದನಿಯಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ತಡೆಯಲಾಗಲಿಲ್ಲ. ಪದಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅವನು ಬಿಟ್ಟುಹೋಗಿದ್ದ ಕಾರ್ಡಿನ ವಿಳಾಸ ಹಿಡಿದು ಪಕ್ಕದ ಸ್ಟೇಷನ್ ಸೀವುಡ್ಸಿಗೆ ರೈಲು ಹತ್ತಿದಳು. ಕೊಟ್ಟು ಬಂದರೆ ಮುಗಿಯಿತು ಎಂದುಕೊಂಡಳು. ಕೊಟ್ಟು ಬರುವುದಕ್ಕೆ ಒಳ್ಳೆಯ ಸೀರೆಯೇ ಯಾಕೆ ಬೇಕಿತ್ತೋ, ಅವಳನ್ನೇ ಕೇಳಬೇಕು.

ಬಾಗಿಲು ತೆರೆದವನ ಮುಂದೆ ಗಂಟು ಚಾಚಿದಳು. "ಇಟ್ಟುಕೊಳ್ಳಿ. ಕೆಟ್ಟದ್ದೇ ಇರಬಹುದು. ಇದನ್ನು ನೋಡಿದಾಗೆಲ್ಲ ನೀವು ಬೇಡ ಅಂದದ್ದೇ ನೆನಪಾಗ್ತದೆ."

ಅವನು ಅವಳನ್ನು ಒಳಗೆ ಕರೆದು ಕಪಾಟಿನ ಡ್ರಾಯರ್ ಎಳೆದ. ಒಳಗೆ ಸಾಲಾಗಿ ಕಪ್ಪು ಪದಕಗಳು.

"ಯಾರದ್ದು ಇದೆಲ್ಲ?"

"ಹೆಸರುಂಟು, ನಮ್ಮದು ಅನ್ನುವವರಿಲ್ಲ. ಕಲ್ಯಾಣದ ಗುಜರಿ ಅಂಗಡಿಗಳಲ್ಲಿ ಸಿಕ್ಕಿದ್ದು. ದಿಕ್ಕಿಲ್ಲದ್ದನ್ನು ಮಾತ್ರ ನಾನು ತರುವುದು. ನಿಮ್ಮದೂ ಯಾರಿಗೂ ಬೇಡದೆ ಬಿದ್ದಿರಬೇಕು ಅಂತ ಬಂದೆ. ಬಂದು ನೋಡಿದ್ರೆ, ನೆಂಟರು ಬರ್ತಾರೆ ಅಂತ ಅದನ್ನು ಬೆಳಗಿ ಇಡುವ ಮೊಮ್ಮಗಳಿದ್ದಾಳೆ. ಅಂಥ ಅಜ್ಜನನ್ನು ಈ ಡ್ರಾಯರಿಗೆ ಹೇಗೆ ಹಾಕಲಿ?"

ಗಂಟನ್ನು ಮತ್ತೆ ಅವಳ ಕೈಗೇ ಇಟ್ಟ.

"ಮತ್ತೆ... ಫೋನ್ ಮಾಡಿದ್ದು ಎಂತಕ್ಕೆ?"

ಅವನು ನೆಲ ನೋಡಿದ. "ಬೇಡ ಅಂತ ದೊಡ್ಡದಾಗಿ ಹೇಳಿ ಬಂದೆ. ಲಿಫ್ಟಿನಲ್ಲಿ ಇಳಿಯುವಾಗ ತಲೆಗೆ ಹೊಳೆಯಿತು, ಇನ್ನು ನಿಮ್ಮ ಮನೆಗೆ ಬರಲಿಕ್ಕೆ ನನಗೆ ನೆಪವೇ ಇಲ್ಲ ಅಂತ. ನಿಮ್ಮನ್ನು ಮತ್ತೆ ನೋಡಬೇಕಿತ್ತು ಶ್ರೀಲಕ್ಷ್ಮಿ... ಇನ್ನೂ ಎಷ್ಟೋ ಸಲ ನೋಡಬೇಕು."

ಅವಳ ಕಣ್ಣು ತುಂಬಿ ಬಂತು. ಬೇಡವಾದದ್ದು ತಾನೇ ಎಂದುಕೊಂಡು ಇಷ್ಟು ದಿನ ಒಳಗೊಳಗೇ ನವೆದಿದ್ದಳಲ್ಲ.

"ಒಬ್ಬಳಿಗೆ ಅಂತ ಅಕ್ಕಿ ತೊಳೆದು ತೊಳೆದು ನನಗೂ ಸಾಕಾಗಿದೆ," ಎಂದಳು. "ಒಂದು ದಿನ ಊಟಕ್ಕೆ ಬರ್ತೀರಾ?"

"ಬರ್ತೇನೆ. ಆದ್ರೆ ನಾವು ಜೈನರು. ಕತ್ತಲಾದ ಮೇಲೆ ಉಣ್ಣುವುದಿಲ್ಲ."

ಶ್ರೀಲಕ್ಷ್ಮಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಿಟಕಿಯತ್ತ ನೋಡಿದಳು.

"ಹಾಗಾದ್ರೆ ಈಗಲೇ ಹೊರಡಿ. ಇನ್ನೂ ಬೆಳಕುಂಟು."