ನಸ್ಸೂನ ಮಾಡಿದ ಮಂಡಿ

ಆ ಹುಡುಗ ನಮ್ಮನೆ ಬಾಗಿಲಿಗೆ ಮೊದಲನೇ ಸಲ ಬಂದಾಗ ಅವನ ಕಂಕುಳಲ್ಲಿ ಒಂದು ಕಾಲಿತ್ತು ಕಣ್ರೀ. ಹೆಂಗಸಿನ ಕಾಲು. ಚಪ್ಪಲಿ ಬೇರೆ ಹಾಕಿತ್ತು.

ನಾನು ಕಿರುಚಿದ್ದಕ್ಕೆ ಅರ್ಧ ಕಂಪಾಲ ಊರೇ ಬೆಚ್ಚಿಬಿದ್ದಿರಬೇಕು.

"ಹೆದರಬೇಡಿ ಅಮ್ಮಾ, ಇದು ನಸ್ಸೂನಂದು."

"ಅವಳ ಕಾಲು ನಿನ್ನ ಹತ್ರ ಯಾಕೋ ಬಂತು, ಕಳ್ಳ?"

"ಲ್ಯಾಬಲ್ಲಿ ಮಂಡಿಗೆ ಅಂಟು ಹಾಕಿದ್ರು. ಒಣಗೋ ತನಕ ಕಾಯದೆ ಊರುಗೋಲು ಹಿಡ್ಕೊಂಡು ಮನೆಗೆ ಬಂದ್ಬಿಟ್ರು. ಈಗ ಒಣಗ್ತು, ಅದಕ್ಕೇ ತಗೊಂಡ್ಬಂದೆ."

ನಸ್ಸೂನ ನಮ್ಮಣ್ಣನ ಮಗಳು, ಓದೋದಕ್ಕೆ ನನ್ನ ಮನೇಲಿದ್ದಾಳೆ. ಬಾಡಿಗೆಗೆ ಓಡೋ ಬೋಡಾ ಬೈಕಿಂದ ಬಿದ್ದು ಬಲಗಾಲು ತೊಡೆಯಿಂದ ಕೆಳಗೆ ಹೋಯ್ತು. ಆಸ್ಪತ್ರೆಯವರು ಕೊಟ್ಟ ಕಾಲಲ್ಲಿ ನಡೀಬಹುದು, ಮಂಡಿ ಊರೋಕಾಗಲ್ಲ. ನಮ್ಮಲ್ಲಿ ಹೆಣ್ಮಗಳು ಹಿರಿಯರ ಮುಂದೆ ಮಂಡಿ ಊರದೆ ಚೆನ್ನಾಗಿದ್ದೀರಾ ಅಂತ ಕೇಳೋದುಂಟಾ? ಹೋಗಿ ಬಯೋಇಂಜಿನಿಯರಿಂಗ್ ಎಂ.ಎಸ್ಸಿ. ಸೇರ್ಕೊಂಡ್ಳು. ಮಂಡಿ ಊರೋ ಕಾಲು ತಾನೇ ಮಾಡ್ತಾಳಂತೆ. ಅದೇ ಅವಳ ಥೀಸಿಸ್ಸು.

ಕಾಲು ತಂದ ಈ ಹುಡುಗ ಮಟೋವುದೂ ಅದೇ ಓದು. ಆದ್ರೆ ಕಾಲಿನ ಕಡೆಯವನಲ್ಲ, ಗಾಜಿನ ತಟ್ಟೇಲಿ ಎಲುಬಿನ ಜೀವಕೋಶ ಬೆಳೆಸೋನು. ಅದಕ್ಕೆ ಭಾನುವಾರಾನೂ ಹೋಗಿ ಊಟ ಹಾಕ್ಬೇಕಂತೆ. ಕರೆಂಟು ಹೋದ್ರೆ ಸಾಕು, ಹೆತ್ತ ಕೂಸಿಗೆ ಜ್ವರ ಬಂದೋನ ಹಾಗೆ ಓಡೋನು. ಅವರ ಜೊತೆಯವಳು ಇನ್ನೊಬ್ಬಳು ಎದೆಬಡಿತ ಕೇಳೋ ಮಿಷನ್ನು ಮಾಡ್ತಾಳೆ. ಎಲ್ಲಾ ಒಂದೇ ಓದಂತೆ. ನಂಗಂತೂ ತಲೆಬುಡ ತಿಳೀಲಿಲ್ಲ.

ತಿಳಿದಿದ್ದು ಒಂದೇ. ಕೋಶಕ್ಕೆ ಊಟ ಹಾಕಿದ್ಮೇಲೆ ಇವನು ತನ್ನ ಊಟಕ್ಕೆ ನಮ್ಮನೆಗೆ ಬರೋನು. ಬಾಳೆಕಾಯಿ ಬೇಯಿಸಿ ಹಿಸುಕಿದ ಮಟೋಕೆ ಒಂದು ಬೆಟ್ಟದಷ್ಟು ತಿನ್ನೋನು. ಕಣ್ಣು ಮಾತ್ರ ತಟ್ಟೆ ಮೇಲಿರ್ತಿರಲಿಲ್ಲ.

ಅಂಗಳದಲ್ಲಿ ನಸ್ಸೂನ ಮಂಡಿ ಊರಿ ಏಳೋದು ಕಲೀತಿದ್ಳು. ತೂಗಾಡಿದ್ರೆ ಇವನು ಹಾರಿ ಹಿಡ್ಕೊಳ್ಳೋನು.

"ಹಿಡೀಬೇಡ ಅಂದ್ನಲ್ಲ! ನೀನು ಹಿಡಿದ್ರೆ ನಾನೆದ್ನೋ ನೀನೆತ್ತಿದ್ಯೋ ಹೇಗೆ ಗೊತ್ತಾಗತ್ತೆ?"

"ಹಂಗಾದ್ರೆ ಬಿದ್ದು ಇನ್ನೊಂದು ಕಾಲೂ ಮುರ್ಕೋ."

"ಮುರಿದ್ರೆ ನಿನ್ನ ತಟ್ಟೇಲಿ ಒಂದು ಬೆಳೆಸ್ಕೊಡು."

ಇಬ್ರೂ ನಗೋರು. ನಕ್ಕು ಮುಗಿದ್ಮೇಲೂ ಅವನ ಕೈ ಅವಳ ಮೊಣಕೈ ಹತ್ರಾನೇ ಇರೋದು. ನಾನು ಕೆಮ್ಮೀ ಕೆಮ್ಮೀ ಗಂಟಲು ಹರ್ಕೊಂಡೆ, ಒಬ್ಬರಿಗೂ ಕೇಳಿಸ್ಲಿಲ್ಲ.

ಇಬ್ರ ಮದುವೆ ಮಾತು ಬಂತು. ಗಂಡಿನ ಕಡೆಯವರು ಅಣ್ಣನ ಮನೆಗೆ ಬಂದು ಪರಿಚಯ ಹೇಳ್ಕೊಳ್ಳೋ ದಿನ ಗೊತ್ತಾಯ್ತು. ಅವತ್ತು ಹುಡುಗಿ ಎಲ್ಲರ ಮುಂದೆ ಮಂಡಿ ಊರ್ಬೇಕು. ಮಟೋವು ಮೆಲ್ಲಗೆ ಅಂದ, "ನಿಂಗೊಂದು ಕುರ್ಚಿ ಹಾಕಿಸ್ತೀನಿ. ನಮ್ಮೋರಿಗೆ ನಾನು ಹೇಳ್ತೀನಿ."

ಅವಳ ಮುಖ ಬಾಡಿಹೋಯ್ತು. "ನಿಮ್ಮೋರು ಪಾಪ ಅಂತಾರೇನೋ ಅಂತ ಹೆದರಿದ್ದೆ. ಮೊದಲು ನೀನೇ ಅಂದ್ಬಿಟ್ಟೆ. ಎದ್ದು ಹೋಗು."

ವಾರಗಟ್ಟಲೆ ಇವಳು ಉಣ್ಲಿಲ್ಲ, ಅವನು ಗೇಟು ಬಿಟ್ಟು ಒಳಗೆ ಬರ್ಲಿಲ್ಲ. ಕೊನೆಗೆ ನಾನೇ ಬೈದೆ. "ಗೇಟಿಗೆ ತುಕ್ಕು ಹಿಡಿಸ್ತೀಯೇನೋ? ಬಂದು ಹೇಳು."

"ಕುರ್ಚಿ ಬೇಡ," ಅಂದ ಒಳಗೆ ಬಂದು. ಅಷ್ಟೇ. ಅವಳು ಅತ್ತಳು.

ನನ್ನ ಕಳವಳ ಮಾತ್ರ ಹೋಗ್ಲಿಲ್ಲ. ಆ ಮಂಡಿ ಕೆಳಗೆ ಹೋಗೋವಾಗ ಬೆಣ್ಣೆ ಹಾಗೆ ಬಗ್ಗೋದು, ಏಳೋವಾಗ ಒಂದೊಂದ್ಸಲ ಕತ್ತೆ ಹಾಗೆ ಹಠ ಹಿಡಿಯೋದು. "ಹಳೇ ಕಾಲೇ ಹಾಕ್ಕೊಳ್ಳೇ," ಅಂದೆ. "ನಾನು ಮಾಡಿದ್ದು ನಾನೇ ಹಾಕದಿದ್ರೆ ಇನ್ಯಾರಿಗೆ ಹಾಕ್ಲಿ ಅತ್ತೆ?" ಅಂದ್ಳು.

ಆ ದಿನ ಬಂತು. ಗಂಡು ತನ್ನ ಕಡೆಯವರ ಮಧ್ಯೆ ಬಚ್ಚಿಟ್ಕೊಂಡು ಕೂತಿರ್ಬೇಕು, ತುಟಿ ಪಿಟಕ್ಕನ್ನೋ ಹಾಗಿಲ್ಲ. ಹುಡುಗಿ ಸೋದರತ್ತೆ, ಅಂದ್ರೆ ನಾನು, ಹೋಗಿ ಹುಡುಕಿ ಹೂ ಹಾಕ್ಬೇಕು. ಹುಡುಕೋದೇನು ಬಂತು? ತನ್ನ ಬೆವರಲ್ಲೇ ಮುಳುಗ್ತಿದ್ದ ಒಬ್ಬನೇ ಒಬ್ಬ. ಹೂ ಹಾಕಿ ಪಕ್ಕದಲ್ಲಿ ನಿಂತೆ.

ನಸ್ಸೂನ ಹೊರಗೆ ಬಂದ್ಳು. ಹಳದಿ ಗೋಮೆಸಿ ನಿಲುವಂಗಿ, ಸೊಂಟಕ್ಕೆ ಹೊಳೆಯೋ ಪಟ್ಟಿ. ಚಾಪೆ ಹತ್ರ ನಿಂತ್ಳು, ಬಗ್ಗಿದ್ಳು, ಎರಡೂ ಮಂಡಿ ಊರಿದ್ಳು! ಹಿರಿಯರಿಗೆಲ್ಲ ಕ್ಷೇಮ ಕೇಳಿದ್ಳು. ಹೆಂಗಸರು ಹಾಕಿದ ಕೇಕೆ ಕೆರೆಯಾಚೆಗೂ ಕೇಳಿಸಿರ್ಬೇಕು.

ಏಳೋಕೆ ಹೋದ್ಳು. ಆಗ್ಲಿಲ್ಲ.

ಮತ್ತೆ ಪ್ರಯತ್ನ ಪಟ್ಳು. ಆಗ್ಲಿಲ್ಲ. ಯಾರೋ ಹಿಂದಿಂದ "ಅಯ್ಯೋ ಕೂಸೇ" ಅಂದ್ರು.

ನಾನು ಓಡೋಕೆ ಹೆಜ್ಜೆ ಎತ್ತಿದೆ. ಮಟೋವು ನನ್ನ ಮಣಿಕಟ್ಟು ಹಿಡ್ಕೊಂಡ. ಬಿಡೋ ಅಂತ ಕಣ್ಣಲ್ಲೇ ಗದರಿಸಿದೆ. ಬಿಡ್ಲಿಲ್ಲ. ಅವನ ಕಣ್ಣಿಂದ ನೀರು ಸುರೀತಿತ್ತು, ಆದ್ರೂ ಕುರ್ಚಿಗೆ ಅಂಟ್ಕೊಂಡು ಕೂತಿದ್ದ.

ನಸ್ಸೂನ ತಲೆ ಎತ್ತಿ ನೋಡಿದ್ಳು. ಅವತ್ತು ಹುಡುಗಿ ತಲೆ ತಗ್ಗಿಸೇ ಇರ್ಬೇಕು. ಇವಳು ನೆಟ್ಟಗೆ ಅವನನ್ನೇ ನೋಡಿದ್ಳು. ಅವನು ಕೂತೇ ಇದ್ದಾನೆ. ಅವಳ ತುಟಿ ಅಂಚಲ್ಲಿ ನಗು ಬಂತು. ಆತುರ ಬಿಟ್ಟು, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಒಂದು ಉಸಿರು ತಗೊಂಡ್ಳು. ಗೋಮೆಸಿ ಒಳಗೆ ಮಂಡಿ ಟಕ್ ಅಂತು.

ಎದ್ದು ನಿಂತ್ಳು.

ಆಮೇಲೆ ಆ ಗಲಾಟೇಲಿ ನಮ್ಮ ಹತ್ರ ಬಂದು, ನನಗೂ ಅವನಿಗೂ ಮಾತ್ರ ಕೇಳೋ ಹಾಗೆ ಅಂದ್ಳು, "ಅತ್ತೆ ಕೈ ಬಿಡು, ಪುಡಿಯಾಗೋಯ್ತು. ಈಗ ನನ್ನ ಕೈ ಹಿಡಿ."

ಗಂಡು ಮಾತಾಡೋ ಹಾಗಿಲ್ಲ ಅಂತ ಅವನಿಗೆ ಎಷ್ಟು ಹೇಳಿಕೊಟ್ಟಿದ್ರೋ. "ಹೂಂ" ಅಂದ್ಬಿಟ್ಟ, ಎರಡೂ ಕಡೆಯವರಿಗೆ ಕೇಳಿಸೋ ಹಾಗೆ.