ಹದಿಮೂರನೆಯ ಗಿಡ

ಸೈಮಾ ಕಲ್ಲಿಯೊ ಕೋಲೂರಿಕೊಂಡು ನನ್ನ ಅಂಗಡಿಯ ಹಿಂಬಾಗಿಲಿನಿಂದ ಒಳಬಂದಾಗ ನಾನು ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿಗಳನ್ನು ಒಲೆಗೆ ಹಾಕುತ್ತಿದ್ದೆ. ಅವಳು ಬಂದದ್ದು ನನಗಾಗಿ ಅಲ್ಲ, ದಿನವೂ ಆ ಹೊತ್ತಿಗೆ ನನ್ನ ಮೇಜಿನ ಮುಂದೆ ಕಾಫಿ ಕುಡಿಯುತ್ತ ಕೂರುವ ಲೆಂಪಿ ರೌಟಿಯೊಗಾಗಿ. ಲೆಂಪಿ ವಿಮಾ ಕಂಪನಿಗೆ ಬೆಂಕಿ ಅನಾಹುತಗಳ ತನಿಖೆ ಮಾಡಿ ನಿವೃತ್ತಳಾದವಳು. ಮಿಶಿಗನ್‌ನ ಈ ಉತ್ತರದ ಮೂಲೆಯಲ್ಲಿ ಯಾರಿಗೆ ಯಾವ ಗಂಟು ಬಿದ್ದರೂ ಅವಳ ಮುಂದೆ ತಂದಿಡುವುದು ವಾಡಿಕೆಯಾಗಿತ್ತು.

"ಕಳ್ಳತನ ಆಗಿದ್ರೆ ಹೇಳ್ಕೋಬಹುದಿತ್ತು, ಲೆಂಪಿ," ಎಂದಳು ಸೈಮಾ. "ನನ್ನ ಬೇಲಿಯೊಳಗೆ ಒಂದು ಗಿಡ ಜಾಸ್ತಿ ಆಗಿದೆ. ನಾನು ನೆಟ್ಟಿದ್ದಲ್ಲ."

ಅದು 2014ರ ಜುಲೈ. ಆಗ ನಮ್ಮ ರಾಜ್ಯದಲ್ಲಿ ಗಾಂಜಾ ಬೆಳೆಯಲು ರೋಗಿಯ ಕಾರ್ಡು ಬೇಕಿತ್ತು. ಸೈಮಾ ಬಹಳ ವರ್ಷ ಶಾಲಾ ಬಸ್ ಓಡಿಸಿದವಳು. ನರಗಳ ಕಾಯಿಲೆ ಬಂದು ಕಾಲುಗಳು ಹಗ್ಗದಂತೆ ಹುರಿಗಟ್ಟುತ್ತಿದ್ದವು. ಮಾತ್ರೆ ನುಂಗಿದರೆ ವಾಂತಿ. ಈ ಗಿಡದಿಂದ ಮಾತ್ರ ಅವಳಿಗೆ ರಾತ್ರಿ ನಿದ್ದೆ ಬರುತ್ತಿತ್ತು. ಮನೆಯೊಳಗಾದರೆ ಬೀಗ ಹಾಕಿದ ಕೋಣೆ, ಹೊರಗಾದರೆ ಸುತ್ತ ಬೇಲಿ, ಬಾಗಿಲಿಗೆ ಬೀಗ, ಪಕ್ಕದವರ ಕಣ್ಣಿಗೆ ಬೀಳಕೂಡದು, ಗಿಡ ಹನ್ನೆರಡನ್ನು ಮೀರಕೂಡದು. ಇಷ್ಟನ್ನೂ ಅವಳು ಶ್ರದ್ಧೆಯಿಂದ ಪಾಲಿಸಿದ್ದಳು. ಸೋಮವಾರ ಯಾರೋ ಹೆಸರು ಹೇಳದೆ ಪೊಲೀಸರಿಗೆ ಫೋನ್ ಮಾಡಿದರು. ಡೆಪ್ಯುಟಿ ಲವೀನ್ ಬಂದು ಎಣಿಸಿದ. ಹದಿಮೂರು.

ಒಂದು ಹೆಚ್ಚಾದರೆ ಕಾನೂನಿನ ರಕ್ಷಣೆ ಪೂರ್ತಿ ಹೋಗುತ್ತದೆ. ಎಲ್ಲ ಗಿಡಗಳನ್ನೂ ಕಿತ್ತು ಕೇಸು ಹಾಕಬೇಕು. ಲವೀನ್ ಹುಡುಗನಾಗಿದ್ದಾಗ ಅವಳ ಬಸ್ಸಿನಲ್ಲೇ ಶಾಲೆಗೆ ಹೋದವನು. ಬೇಲಿಯ ಬಾಗಿಲಿಗೆ ಸೀಲು ಹಾಕಿ, ಗಿಡ ಅವಳದಲ್ಲವೆಂದು ತೋರಿಸಲು ಮುಂದಿನ ಸೋಮವಾರದವರೆಗೆ ಗಡುವು ಕೊಟ್ಟುಹೋಗಿದ್ದ. ನನಗೆ ಮೈಯೆಲ್ಲ ಉರಿಯಿತು. ನಡೆಯಲಾಗದ ಹೆಂಗಸಿನ ನಿದ್ದೆಯನ್ನೇ ಕಿತ್ತುಕೊಳ್ಳಲು ಆ ಗಿಡ ತಂದಿಟ್ಟವನು ಎಂಥ ಮನುಷ್ಯ? ಅವನು ಕೈಗೆ ಸಿಕ್ಕರೆ ಲಟ್ಟಣಿಗೆಯಲ್ಲೇ ವಿಚಾರಿಸಿಕೊಳ್ಳುತ್ತೇನೆ ಎಂದೆ. ಲೆಂಪಿ ಕಾಫಿ ಮುಗಿಸಿ, "ನಡಿ ವರ್ನಾ," ಎಂದು ಎದ್ದಳು. ಮೂವರೂ ಸೈಮಾಳ ಹಿತ್ತಿಲಿಗೆ ಹೋದೆವು.

ಬೇಲಿ ಗಟ್ಟಿಯಾಗಿತ್ತು, ಬೀಗ ಮುರಿದಿರಲಿಲ್ಲ. ಹೋದ ವರ್ಷ ಪಕ್ಕದ ಮನೆಯ ವೆಸ್ಲಿ ಹಾರ್ಯು ಬಿಡಿಗಾಸೂ ತೆಗೆದುಕೊಳ್ಳದೆ ಅದನ್ನು ಕಟ್ಟಿಕೊಟ್ಟಿದ್ದ, ಬೀಗವನ್ನೂ ಅವನೇ ತಂದು ಹಾಕಿದ್ದ. ಕೀಲಿಗಳು ಸೈಮಾ, ಅವಳ ಅಕ್ಕನ ಮಗ ಟೋಬಿ, ಮನೆಯ ಮಾಲೀಕ ಟ್ರೆವಾರೊ, ಈ ಮೂವರ ಬಳಿ ಇದ್ದವು. ಬೇಸಿಗೆಗೆ ಬರುವ ಪ್ರವಾಸಿಗರಿಗೆ ಈ ಮನೆ ಕೊಟ್ಟರೆ ಎಷ್ಟು ಗಿಟ್ಟೀತು ಎಂದು ಟ್ರೆವಾರೊ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಹಲಗೆಗಳ ಸಂದಿನಿಂದ ನಾವು ಇಣುಕಿದೆವು. ಹನ್ನೆರಡು ಗಿಡಗಳು ಸೊಂಟದೆತ್ತರಕ್ಕೆ ಬೆಳೆದಿದ್ದವು, ಬರೀ ಎಲೆ. ಮೂಲೆಯಲ್ಲಿದ್ದ ಹದಿಮೂರನೆಯದು ಮೈತುಂಬ ಅಂಟಂಟು ಮೊಗ್ಗು ಹೊತ್ತಿತ್ತು. ಅದರ ತಲೆ, ಯಾರೋ ಮೇಲಿಂದ ಒತ್ತಿ ಹಿಡಿದಂತೆ, ಪಕ್ಕಕ್ಕೆ ಬಾಗಿ ಬೆಳೆದಿತ್ತು.

"ನಿನ್ನವು ಯಾವಾಗ ಮೊಗ್ಗು ಬಿಡೋದು?" ಎಂದು ಲೆಂಪಿ ಕೇಳಿದಳು.

"ಆಗಸ್ಟ್ ಕೊನೆಗೆ. ರಾತ್ರಿ ಉದ್ದ ಆಗ್ಬೇಕಲ್ಲ."

ಅಷ್ಟರಲ್ಲಿ ವೆಸ್ಲಿ ತನ್ನ ಅಂಗಳದಿಂದ ಬಂದು ಸೈಮಾಳ ಭುಜ ತಟ್ಟಿದ. "ನಾನು ಮೊದ್ಲೇ ಹೇಳಿರ್ಲಿಲ್ವಾ ತಾಯಿ? ಏಪ್ರಿಲ್‌ನಿಂದ ರಸ್ತೆ ತುಂಬಾ ಇದೇ ನಾತ. ಲವೀನ್ ಮೂಗು ಎತ್ಕೊಂಡು ತಿರುಗ್ತಾನೇ ಇದ್ದ. ಯಾರೋ ಫೋನ್ ಮಾಡೇ ಮಾಡ್ತಾರೆ ಅಂತ ಗೊತ್ತಿತ್ತು."

ಅವನ ಅಂಗಳದಲ್ಲಿ ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಹಳೇ ಕಬ್ಬಿಣದ ಒಲೆ ನಿಂತಿತ್ತು, ಕಾದ ಕಲ್ಲುಗಳಿರಬೇಕಾದ ಜಾಗದಲ್ಲಿ ಪೆಟೂನಿಯಾ ಹೂ. ನಮ್ಮೂರ ಫಿನ್ನಿಷ್ ಜನ ಊಟ ಬಿಟ್ಟಾರು, ಶನಿವಾರದ ಹಬೆಸ್ನಾನ ಬಿಡುವವರಲ್ಲ. ಒಲೆ ಸೀಳಿದೆಯೆಂದು ವೆಸ್ಲಿ ಚಳಿಗಾಲದಿಂದ ಪ್ರತಿ ಶನಿವಾರ ಟವೆಲ್ ಹಿಡಿದು ಲೆಂಪಿಯ ಸೌನಾಕ್ಕೇ ಬರುತ್ತಿದ್ದ. ಲೆಂಪಿ ಹೂಗಳನ್ನು ಹೊಗಳಿ, ಒಲೆಯ ಸುತ್ತ ಕೈಯಾಡಿಸಿ ಬಂದಳು.

ಲವೀನನ ಕಣ್ಣು ಟೋಬಿಯ ಮೇಲಿತ್ತು. ಪರವಾನಗಿ ಇಟ್ಟುಕೊಂಡು ಬೇರೆ ರೋಗಿಗಳಿಗಾಗಿ ಆಲೂಗಡ್ಡೆಯ ಹಳೇ ಉಗ್ರಾಣದಲ್ಲಿ ದೀಪ ಹಾಕಿ ಬೆಳೆಯುತ್ತಿದ್ದವನು ಅವನೊಬ್ಬನೇ. ನಾವು ಅಲ್ಲಿಗೂ ಹೋದೆವು. ಚಿಕ್ಕಮ್ಮನಿಗೆ ನಾನು ಹೀಗೆ ಮಾಡುತ್ತೇನೆಯೇ ಎಂದು ಅವನು ನಮ್ಮ ಮೇಲೆಯೇ ರೇಗಿದ. ಉಗ್ರಾಣದ ಮಾಡು ಇಗರ್ಜಿಯಷ್ಟು ಎತ್ತರ. ಗಿಡಗಳು ನೆಟ್ಟಗೆ ನಿಂತಿದ್ದವು.

ಶನಿವಾರ ಸಂಜೆ ಲೆಂಪಿ ಎಲ್ಲರನ್ನೂ ತನ್ನ ಮನೆಗೆ ಕಾಫಿಗೆ ಕರೆದಳು. ಏಲಕ್ಕಿ ಬ್ರೆಡ್ಡಿನ ಸುತ್ತ ಸೈಮಾ, ಟೋಬಿ, ಟ್ರೆವಾರೊ, ಲವೀನ್ ಕುಳಿತಿದ್ದರು. ವೆಸ್ಲಿ ಎಂದಿನಂತೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ.

"ರಾತ್ರಿ ಹತ್ತಕ್ಕೂ ಬೆಳಕಿರೋ ಈ ದಿನಗಳಲ್ಲಿ ನಮ್ಮ ಹಿತ್ತಿಲಿನ ಗಿಡ ಮೊಗ್ಗು ಬಿಡಲ್ಲ," ಎಂದು ಲೆಂಪಿ ಶುರುಮಾಡಿದಳು. "ಆ ಗಿಡಕ್ಕೆ ಯಾರೋ ಸುಳ್ಳು ರಾತ್ರಿ ತೋರಿಸಿದ್ದಾರೆ. ಅದು ಮನೆಯೊಳಗೆ ಬೆಳೆದದ್ದು."

ಎಲ್ಲರೂ ಟೋಬಿಯತ್ತ ತಿರುಗಿದರು. ಅವನು ಕಪ್ಪು ಕೆಳಗಿಟ್ಟ.

"ಇವನ ಉಗ್ರಾಣದಲ್ಲಿ ಗಿಡದ ತಲೆ ಬಾಗೋಕೆ ಕಾರಣಾನೇ ಇಲ್ಲ," ಎಂದಳು ಲೆಂಪಿ. ಟ್ರೆವಾರೊಗೂ ಈ ಕುತಂತ್ರ ಬೇಕಿರಲಿಲ್ಲ, ಸೆಪ್ಟೆಂಬರಿನಲ್ಲಿ ಬಾಡಿಗೆ ಕರಾರು ಮುಗಿಯುತ್ತದೆ, ಬೇಡವೆಂದರೆ ಅವನು ನವೀಕರಿಸದಿದ್ದರೆ ಸಾಕು ಎಂದೂ ವಿವರಿಸಿದಳು. ಟ್ರೆವಾರೊ ಮುಖ ಕೆಂಪು ಮಾಡಿಕೊಂಡು ಬ್ರೆಡ್ಡು ನೋಡತೊಡಗಿದ. "ಇನ್ನು ನಾತ. ಸೈಮಾ ಸಸಿಗಳನ್ನ ಹೊರಗೆ ನೆಡೋದು ಹಿಮ ಬೀಳೋದು ನಿಂತ ಮೇಲೆ, ಜೂನ್‌ನಲ್ಲಿ. ಮೊಗ್ಗಿಲ್ಲದ ಗಿಡಕ್ಕೆ ಅಂಥಾ ವಾಸನೇನೂ ಇರಲ್ಲ. ಹಾಗಾದ್ರೆ ಏಪ್ರಿಲ್‌ನಲ್ಲಿ ರಸ್ತೆ ತುಂಬಾ ನಾತ ಬಂದದ್ದು ಎಲ್ಲಿಂದ?"

ಲೆಂಪಿ ಬ್ರೆಡ್ಡಿನ ತಟ್ಟೆಯನ್ನು ವೆಸ್ಲಿಯತ್ತ ಸರಿಸಿದಳು.

"ಅದೇ ರಸ್ತೇಲಿ ತಗ್ಗು ಮಾಡಿನ, ಕಿಟಕಿ ಇಲ್ಲದ ಒಂದು ಕೋಣೆ ಇದೆ. ಚಳಿಗಾಲದಿಂದ ಅದರ ಚಿಮಣಿಯಲ್ಲಿ ಹೊಗೆ ಇಲ್ಲ. ಒಲೆ ಸೀಳಿದೆ ಅಂತಾರೆ. ಆಯುಷ್ಯವೆಲ್ಲ ಸುಟ್ಟ ಒಲೆ ನೋಡಿದವಳು ನಾನು. ಪೆಟೂನಿಯಾ ಬೆಳೀತಿರೋ ಆ ಒಲೇಲಿ ಒಂದು ಕೂದಲೆಳೆ ಬಿರುಕೂ ಇಲ್ಲ. ಲವೀನ್ ವಾಸನೆ ಹಿಡ್ಕೊಂಡು ಹತ್ತಿರ ಬರ್ತಿದ್ದ, ಅವನ ಕೈಗೆ ಬೇರೆ ಯಾರನ್ನಾದ್ರೂ ಕೊಡ್ಬೇಕಿತ್ತು. ಬೀಗ ತಂದವನ ಹತ್ರ ಒಂದು ಕೀಲಿ ಉಳಿದಿರ್ಬಹುದು ಅಂತ ನಮಗ್ಯಾರಿಗೂ ಹೊಳೀಲಿಲ್ಲ." ಲೆಂಪಿ ಎದ್ದು ಗೂಟದಿಂದ ತನ್ನ ಟವೆಲ್ ತೆಗೆದುಕೊಂಡಳು. "ವೆಸ್ಲಿ, ಇವತ್ತು ನಿನ್ನ ಸೌನಾದಲ್ಲೇ ಸ್ನಾನ ಮಾಡೋಣ. ಬಾಗಿಲು ತೆಗಿ."

ವೆಸ್ಲಿ ಹೆಗಲ ಮೇಲಿನ ಟವೆಲ್ ಎಳೆದು ಮುಷ್ಟಿಗೆ ಸುತ್ತಿಕೊಂಡ. "ಅವಳಿಗೆ ಕಾರ್ಡಿದೆ, ಹೆಚ್ಚಂದ್ರೆ ದಂಡ ಹಾಕಿ ಬಿಡ್ತಾರೆ ಅಂದ್ಕೊಂಡೆ," ಎಂದ.

"ಅವಳ ನಿದ್ದೆ?" ಎಂದು ನಾನು ಕೇಳಿದೆ. "ಮಾರೋಕೆ ಬೆಳೆದವನು ನೀನು. ಬದುಕೋಕೆ ಬೆಳೆದವಳು ಅವಳು. ಭುಜ ಬೇರೆ ತಟ್ಟಿದೆಯಲ್ಲೋ." ಆ ಸಂಜೆಯೇ ಲವೀನ್ ವಾರಂಟು ತಂದು ಬಾಗಿಲು ತೆಗೆಸಿದಾಗ ಮೂರು ಹಂತದ ಬೆಂಚುಗಳ ಮೇಲೆ ಉರಿಯುವ ದೀಪಗಳ ಕೆಳಗೆ ತಲೆ ಬಾಗಿದ ಗಿಡಗಳು ಒತ್ತೊತ್ತಾಗಿ ನಿಂತಿದ್ದವು.

ಲವೀನ್ ಸೈಮಾಳ ಬೇಲಿಯ ಸೀಲು ಕಿತ್ತ. ಹದಿಮೂರನೆಯದನ್ನು ಸಾಕ್ಷ್ಯಕ್ಕಾಗಿ ಅಗೆಯಲು ಬಗ್ಗಿದವನು ಮಣ್ಣು ಮುಟ್ಟಿ ನಿಂತುಬಿಟ್ಟ. ಬುಡ ಒದ್ದೆಯಾಗಿತ್ತು. ಒಳಗೆ ಹೋಗುವಂತಿರಲಿಲ್ಲವೆಂದು ಸೈಮಾ ವಾರವೆಲ್ಲ ಹಲಗೆಗಳ ಸಂದಿನಿಂದ ಪೈಪು ತೂರಿಸಿ ನೀರು ಬಿಟ್ಟಿದ್ದಳು. ನಿಲ್ಲಲಾರದ ಕಾಲಿನಲ್ಲಿ ನಿಂತು, ಆ ದೂರದ ಮೂಲೆಯವರೆಗೂ.

ನನಗೆ ಮತ್ತೆ ಸಿಟ್ಟು ಬಂತು. "ಹನ್ನೆರಡಕ್ಕೆ ಹಾಕಿದ್ರೆ ಸಾಕಿರ್ಲಿಲ್ವೇನೇ? ನಿನ್ನ ಹಾಳು ಮಾಡೋಕೇ ಬಂದ ಗಿಡ ಅದು."

ಸೈಮಾ ಕೋಲಿನ ಮೇಲೆ ಭಾರ ಬಿಟ್ಟು ಬಾಗಿದ ಆ ತಲೆಯನ್ನೇ ನೋಡುತ್ತಿದ್ದಳು.

"ಅದೇನು ಬೇಕಂತ ಬಂದಿತ್ತಾ, ವರ್ನಾ?" ಎಂದಳು.