ತಿರುಗಿ ದಾಟಿದವನು

ಜುಗೂಳದ ಹಾಲಿನ ಡೇರಿಯ ಕಾರ್ಯದರ್ಶಿ ಬಾಳಾಸಾಬ ಕಾಗವಾಡ ಠಾಣೆಗೆ ಬಂದಾಗ ಮಂಗಳವಾರ ಸಂಜೆ ಏಳೂವರೆ. ಅವನ ಅಂಗಿಯ ತೋಳಿನ ಮೇಲೆ ಹಾಲು ಒಣಗಿ ಕಲೆಯಾಗಿತ್ತು. ಪಿಎಸ್‌ಐ ಭಾವುಸಾಹೇಬ ಮಗದುಮ್ ಕುರ್ಚಿ ತೋರಿಸಿದರು.

"ಏನೇನ್ ಹೋಗೈತಿ?"

"ಏನೂ ಹೋಗಿಲ್ರಿ."

"ಮತ್ತ ದರೋಡಿ ಅಂತೀರಿ?"

"ಮಾರಿಗೆ ಕರೀ ಅರಬಿ, ಕಣ್ಣಿಗೆ ಗಾಗಲ್, ಕೈಯಾಗ ಕಬ್ಬ ಕಡಿಯೂ ಕೊಯ್ತಾ. ಕ್ಯಾನ್ ಒದ್ದ ಕೆಡವಿದ. ಎಲ್ಲಾರನ್ನೂ ಗ್ವಾಡಿಗೆ ಕುಂಡ್ರಿಸಿದ. ನನ್ನ ಕುರ್ಚಿ ಮ್ಯಾಲ ಕುಂತು ಟೇಬಲ್ ಮ್ಯಾಲ ಕಾಲ ಇಟ್ಟ. ಎದ್ದ ಹೋದ. ಒಂದ ಮಾತಿಲ್ಲ, ಕತಿಯಿಲ್ಲ."

ಚೆಲ್ಲಿದ ಹಾಲಿನಲ್ಲಿ ಜಾರಿ ಬಿದ್ದು ಕಸ್ತೂರೆವ್ವ ಎಂಬ ಮುದುಕಿಯ ಸೊಂಟದ ಮೂಳೆ ಮುರಿದಿತ್ತು. ಆಕೆಯನ್ನು ಅಥಣಿಯ ಆಸ್ಪತ್ರೆಗೆ ಸಾಗಿಸಿದ್ದರು. ಎಫ್‌ಐಆರ್ ದಾಖಲಾಯಿತು.

ಬುಧವಾರ ಬೆಳಿಗ್ಗೆ ಪಂಚರ ಸಮಕ್ಷಮ ಡೇರಿಯ ಪಂಚನಾಮೆ ನಡೆಯಿತು. ನೆಲದ ತುಂಬ ಹುಳಿ ವಾಸನೆ, ಇರುವೆ. ಕಿಟಕಿಯ ಸರಳಿಗೆ ಸುತ್ತಿದ್ದ ಎರಡು ರಬ್ಬರ್ ಬ್ಯಾಂಡು ಬಿಟ್ಟರೆ ಬೇರೇನೂ ಸಿಗಲಿಲ್ಲ. ಅವು ಯಾಕೆಂಬುದು ಠಾಣೆಗೆ ಮರಳಿದ ಮೇಲೆ ತಿಳಿಯಿತು. ಡೇರಿಯ ಆ ಕಿಟಕಿಗೆ ಯಾರೋ ಮೊದಲೇ ಫೋನು ಕಟ್ಟಿದ್ದರು. ಕಾನ್‌ಸ್ಟೆಬಲ್ ಮಲಕಾರಿಯ ಮೊಬೈಲಿಗೆ ಡೇರಿಯ ಘಟನೆಯ ವಿಡಿಯೋ ಬಂದಿತ್ತು. ಹಿಂದಿನ ರಾತ್ರಿಯೇ ಸುಳ್ಳು ಹೆಸರಿನ ಖಾತೆಯಿಂದ ಹೊರಟು, ಅಷ್ಟರೊಳಗೆ ಕುಡಚಿ, ರಾಯಬಾಗದವರೆಗೂ ಹರಡಿತ್ತು. ಹಿಂದೆ ನಗಾರಿಯ ಸಂಗೀತ. ಕೆಳಗೆ ಜನ ಬರೆದಿದ್ದರು: "ವಿಲನ್ ಅಂದ್ರ ಇಂವಾ!"

ಠಾಣೆಯವರೆಲ್ಲ ಮೇಜಿನ ಸುತ್ತ ಸೇರಿದರು. ಮುಸುಕಿನವನು ಕೊಯ್ತಾದ ತುದಿಯನ್ನು ನೆಲಕ್ಕೆ ಎಳೆಯುತ್ತ ಬಂದ, ಕುಳಿತ, ಎದ್ದ. ಬಾಗಿಲ ಮುಂದೆ ಅಡ್ಡಲಾಗಿ ಬಿದ್ದಿದ್ದ ಮುದುಕಿಯನ್ನು ದಾಟಿದ. ಹೊಸ್ತಿಲ ಹತ್ತಿರ ನಿಂತ. ಹಿಂದಿರುಗಿ ಆಕೆಯನ್ನು ಮತ್ತೊಮ್ಮೆ ಒಳಮುಖವಾಗಿ ದಾಟಿ, ಗೋಡೆಯ ಬದಿಯಿಂದ ಸುತ್ತಿ ಹೊರಗೆ ಹೋದ.

"ತಿರಗಿ ಬಂದ್ ಹೆಂಗ್ ನೋಡ್ತಾನ ನೋಡ್ರಿ, ಖಡಕ್!" ಎಂದ ಮಲಕಾರಿ.

ಮಗದುಮ್ ಇನ್ನೊಮ್ಮೆ ಹಾಕಿಸಿದರು. "ನಡಿಗಿ ಮಾತ್ರ ಚೊಲೊ ಐತಿ ಮಗಂದು," ಎಂದರು. ಎಲ್ಲರೂ ನಕ್ಕರು.

ಖಾತೆ ಯಾರದೆಂದು ಕೇಳಿ ಸೈಬರ್ ಠಾಣೆಗೆ ಪತ್ರ ಹೋಯಿತು. ಉತ್ತರಕ್ಕೆ ದಿನ ಹಿಡಿಯುತ್ತದೆ. ಮಧ್ಯಾಹ್ನ ಮಗದುಮ್, ಮಲಕಾರಿ ಇಬ್ಬರೂ ಮುದುಕಿಯ ಹೇಳಿಕೆ ಪಡೆಯಲು ಅಥಣಿಗೆ ಹೋದರು.

ಕಸ್ತೂರೆವ್ವನ ಮಂಚದ ಬಳಿ ಇಪ್ಪತ್ತರ ಮೊಮ್ಮಗ ಬೀರದೇವ ಗಂಜಿ ಕುಡಿಸುತ್ತಿದ್ದ. ಅವನ ತಾಯಿ ತಂದೆ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದರು. ಅವನನ್ನು ಸಾಕಿದವಳು ಈ ಅಜ್ಜಿಯೇ. ಪೊಲೀಸರನ್ನು ಕಂಡು ಅವನು ಬಟ್ಟಲು ತೊಳೆಯಲು ಎದ್ದು ಹೋದ.

"ಅಂವ ಯಾರಂತ ಗುರ್ತ ಸಿಕ್ಕಿತೇನ್ ಆಯಿ?"

"ಇಲ್ರಿ. ನನ್ನ ಕಾಲ ನಾನ ಜಾರಿ ಬಿದ್ದೀನಿ. ಕೇಸ ತಗದ ಬಿಡ್ರಿ."

"ಫಿರ್ಯಾದಿ ಡೇರಿಯವ್ರದು. ನೀ ಯಾಕ ತಗಿ ಅಂತಿ?"

ಮುದುಕಿ ಗೋಡೆಯ ಕಡೆ ಮುಖ ಮಾಡಿದಳು.

ಮಗದುಮ್ ಹೊರಗೆ ಬಂದು ವರಾಂಡದ ಕಟ್ಟೆಯ ಮೇಲೆ ಕುಳಿತರು. ಎರಡು ಕಪ್ ಚಹಾ ಹಿಡಿದು ಬರುತ್ತಿದ್ದ ಮಲಕಾರಿ, ನೆಲದ ಮೇಲೆ ಮಲಗಿದ್ದ ಕೂಸನ್ನು ನೋಡದೆ ದಾಟಿಬಿಟ್ಟ.

"ಏ ಪೊಲೀಸಪ್ಪಾ, ಕಣ್ಣ ಎಲ್ಲಿಟ್ಟಿ?" ಕೂಸಿನ ತಾಯಿ ಗದರಿದಳು. "ತಿರಗಿ ದಾಟು. ಕೂಸ ಬೆಳಿಬೇಕೋ ಬ್ಯಾಡೋ?"

ಮಲಕಾರಿ ನಾಲಿಗೆ ಕಚ್ಚಿಕೊಂಡು ಹಿಂದಕ್ಕೆ ದಾಟಿ, ಸುತ್ತಿ ಬಳಸಿ ಬಂದ. ಮಗದುಮ್ ಚಹಾ ತೆಗೆದುಕೊಳ್ಳಲಿಲ್ಲ.

"ನಿನ್ನ ಫೋನ್ ತಾ."

ಈ ಸಲ ಅವರು ಸಂಗೀತ ಬಂದ್ ಮಾಡಿ ನೋಡಿದರು. ಮುಸುಕಿನವನು ಹೊಸ್ತಿಲಲ್ಲಿ ನಿಂತದ್ದು ಹೆದರಿಸಲಿಕ್ಕಲ್ಲ. ಕೊಯ್ತಾವನ್ನು ಮೇಲೆತ್ತಿಕೊಂಡು, ಮುದುಕಿಗೆ ತಾಗದ ಹಾಗೆ, ಮೆಲ್ಲಗೆ ಹಿಂದಕ್ಕೆ ದಾಟಿದ್ದ. ದಾಟಿದ ದೋಷವನ್ನು ಬಿಡಿಸಿದ್ದ.

"ಗುರ್ತಿಲ್ಲದ ಮುದುಕಿಗೆ ಯಾರರ ಹಿಂಗ ಮಾಡ್ತಾರೇನೋ ಮಲಕಾರಿ?"

ಬಾಳಾಸಾಬನಿಗೆ ಫೋನು ಹೋಯಿತು.

"ಕಸ್ತೂರೆವ್ವನ ಮನಿ ಹಾಲ ದಿನಾ ಯಾರ ತರ್ತಾರು?"

"ಮೊಮ್ಮಗ ಬೀರ್ಯಾರಿ. ನಿನ್ನಿ ಅಷ್ಟ ಬಂದಿರ್ಲಿಲ್ಲ. ಪಾಪ, ಮುದುಕೀನ ಹೊತ್ಕೊಂಡ ಬಂದಿತ್ತು."

ಬೀರದೇವ ತೊಳೆದ ಬಟ್ಟಲು ಹಿಡಿದು ನಲ್ಲಿಯ ಕಡೆಯಿಂದ ಬರುತ್ತಿದ್ದ. ಮಗದುಮ್ ಒಂದೇ ಪ್ರಶ್ನೆ ಕೇಳಿದರು.

"ದಾಟಿದ್ರ ತಿರಗಿ ದಾಟಬೇಕಂತ ಯಾರ ಕಲಿಸ್ಯಾರೋ ನಿನಗ?"

ಅವನು ಬಟ್ಟಲನ್ನು ಕಟ್ಟೆಯ ಮೇಲಿಟ್ಟ. ಅಜ್ಜಿಯ ಮಂಚದ ಕಡೆ ನೋಡಿದ. ಒಳಗಿನಿಂದ ಮುದುಕಿ ಕೂಗಿದಳು: "ಅಂವ ಅಲ್ರಿ ಸಾಹೇಬ್ರ! ನನ್ನ ಕೂಸ ಅಲ್ರೀ ಅಂವ!"

ಹೊರಗೆ ಕರೆದೊಯ್ಯುವಾಗ ಗೇಟಿನ ಬಳಿ ಹುಡುಗನೊಬ್ಬ ಮೊಬೈಲ್ ಎತ್ತಿದ. "ಡೇರಿ ಡಾನ್ ಇವನ ಏನ್ರಿ? ಅಣ್ಣಾ, ಒಂದ ಸಲ ಈ ಕಡೆ ನೋಡೋ!" ಬೀರದೇವ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಮಲಕಾರಿಯ ಬೆನ್ನಿಗೆ ಅಂಟಿದ.

ಕೊಯ್ತಾ, ಗಾಗಲ್, ಕರಿಯ ಬಟ್ಟೆ ಅವನ ಮನೆಯ ಎಮ್ಮೆಯ ಗೋದಲಿಯಲ್ಲಿ ಮೇವಿನ ಅಡಿಯಿದ್ದವು. ಜಪ್ತಿ ಪಂಚನಾಮೆ ಮುಗಿಯಿತು. ಸಂಜೆ ಐದಕ್ಕೆ ಬಂಧನ ತೋರಿಸಿ, ಮಗದುಮ್ ಹೇಳಿಕೆ ಬರೆದುಕೊಳ್ಳಲು ಕುಳಿತರು.

"ಯಾಕ ಮಾಡಿದಿ?"

"ದಿನಾ ಡೇರಿಯಾಗ ಫ್ಯಾಟ್ ಕಡಿಮಿ, ನೀರಿನ ಬೀರ್ಯಾ ಬಂದ ಅಂತ ನಗ್ತಿದ್ರು. ಮೊನ್ನಿ ಮಿರಜಿಗೆ ಹೋಗಿ ಸಿನಿಮಾ ನೋಡಿದ್ನಿ. ಹೀರೋ ಬಂದಾಗ ಯಾರೂ ಮಿಸುಕಲಿಲ್ರಿ. ವಿಲನ್ ಬಂದ, ಟಾಕೀಜ ಎಲ್ಲಾ ಎದ್ದ ನಿಂತ ಶಿಳ್ಳಿ ಹೊಡೀತು. ಮೊಬೈಲ್ ಗೇಮ್‌ನಾಗೂ ಎಲ್ಲಾರೂ ಅಂಥಾವನ್ನ ಆರಸ್ಕೋತಾರ್ರಿ. ಒಂದ ದಿನ ನನ್ನೂ ಹಂಗ ನೋಡ್ಲಿ ಅನಿಸ್ತು."

"ಆಯಿ ಬರ್ತಾಳಂತ ಗೊತ್ತಿತ್ತೇನು?"

"ಇಲ್ರಿ. ಕೆಲಸ ಐತಿ, ಹಾಲ ಆಮ್ಯಾಲ ಒಯ್ತೀನಿ ಅಂದಿದ್ನಿ. ಕೆಡತೈತಂತ ತಾನ ತಂದಾಳ."

"ಬಿದ್ದಾಕೀನ ಎಬ್ಬಸಲಿಲ್ಲ."

"ಫೋನ್ ಚಾಲೂ ಇತ್ರಿ."

"ಮನಿಗೆ ಹೋಗಿ ಅಳಿಸಬಹುದಿತ್ತು. ಆಯಿ ಬಿದ್ದದ್ದ ಕಾಣೂವಂಗ ಊರಿಗೆಲ್ಲಾ ಯಾಕ ಬಿಟ್ಟಿ?"

ಬೀರದೇವ ನೆಲ ನೋಡುತ್ತಲೇ ಹೇಳಿದ.

"ನಡಿಗಿ ಚೊಲೊ ಬಂದಿತ್ರಿ."

ಮಗದುಮ್‌ರ ಪೆನ್ನು ನಿಂತಿತು. ಮಲಕಾರಿ ಕಿಟಕಿಯ ಕಡೆ ತಿರುಗಿ ಹೊರಗೇನೋ ನೋಡತೊಡಗಿದ. ಮಗದುಮ್ ಬೆಳಿಗ್ಗೆ ತಾವೂ ಆಡಿದ್ದ ಆ ಮಾತನ್ನು ಇದ್ದ ಹಾಗೆಯೇ ಬರೆದರು. ಓದಿ ಹೇಳಬೇಕಾದಾಗ ಮಾತ್ರ ಕಾಗದವನ್ನು ಮಲಕಾರಿಯ ಕಡೆ ಸರಿಸಿದರು. ಅವನೂ ಆ ಸಾಲನ್ನು ಬಾಯಿಬಿಟ್ಟು ಓದಲಿಲ್ಲ, ಬೆರಳಿಟ್ಟು ತೋರಿಸಿದ.